ಗಣಿ ಮುಚ್ಚಿದ ಊರಿನಿಂದ ಯೂರೋ ನೋಡಿದರೆ

ಮಾರಿಕುಪ್ಪಂ ರೈಲು ಬಂಗಾರಪೇಟೆಗೆ ಬರುವ ಹೊತ್ತಿಗೆ ಲೇಡೀಸ್ ಬೋಗಿಯ ಕಿಟಕಿ ಸೀಟೆಲ್ಲ ಕೆಜಿಎಫ್‌ನವರ ಪಾಲಾಗಿರುತ್ತದೆ. ನಾವು ಬಂಗಾರಪೇಟೆಯವರು ಮಧ್ಯದಲ್ಲಿ ಒತ್ತಿಕೊಂಡು ಕೂರುತ್ತೇವೆ. ಮಾಲೂರು ದಾಟಿದ ಮೇಲೆ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ. ಹದಿನೇಳು ವರ್ಷದಿಂದ ನನ್ನದು ಇದೇ ರೈಲು. ವೈಟ್‌ಫೀಲ್ಡ್‌ನಲ್ಲಿ ಇಳಿದರೆ ಅಲ್ಲಿಂದ ಶೇರ್ ಆಟೋ, ಆಮೇಲೆ ಆಫೀಸು.

ಹೋದ ವಾರ ಎದುರಿಗೆ ಕೂತಿದ್ದ ಹುಡುಗಿ ಕೈಯಲ್ಲಿ ಕೆಎಎಸ್ ಪರೀಕ್ಷೆಯ ಗೈಡ್ ಇತ್ತು. ನಾನು ಯುರೋಪಿಗೆ ಮಾಲು ಕಳಿಸುವ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ ಅಂತ ಅವಳಿಗೆ ಗೊತ್ತು. "ಅಕ್ಕ, ಯೂರೋ ಥರ ನಮ್ಮ ಕಡೆ ದೇಶಗಳೂ ಸೇರಿ ಒಂದೇ ದುಡ್ಡು ಮಾಡ್ಕೊಂಡ್ರೆ ಒಳ್ಳೇದಲ್ವಾ? ಡಾಲರ್ ಕಾಟ ತಪ್ಪುತ್ತೆ" ಅಂದಳು. ನಾನು ಏನೋ ಎರಡು ಮಾತು ಹೇಳುವಷ್ಟರಲ್ಲಿ ವೈಟ್‌ಫೀಲ್ಡ್ ಬಂತು. ಇಳಿದುಬಿಟ್ಟೆ. ಅವಳಿಗೆ ಸರಿಯಾದ ಉತ್ತರ ಕೊಡಲಿಲ್ಲ ಅನ್ನುವುದು ವಾರವೆಲ್ಲ ಕೊರೆಯುತ್ತಿತ್ತು. ಅದಕ್ಕೇ ಇವತ್ತು ಭಾನುವಾರ ಕೂತು ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಯಾಕೆಂದರೆ ಅದನ್ನು ನಾನು ದಿನಾ ಕಣ್ಣಾರೆ ನೋಡುತ್ತೇನೆ.

ನಮ್ಮದು ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಂಪನಿ. ಮುಖ್ಯ ಗಿರಾಕಿಗಳು ಜರ್ಮನಿ, ಇಟಲಿ, ಸ್ಲೊವಾಕಿಯಾದಲ್ಲಿದ್ದಾರೆ. ಮೂವರಿಗೂ ಬಿಲ್ಲು ಯೂರೋದಲ್ಲೇ. ನಾನು ಬೆಳಿಗ್ಗೆ ನೋಡಬೇಕಾದ ರೇಟು ಒಂದೇ ಒಂದು. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಹಳೇ ಫೈಲುಗಳನ್ನು ತೋರಿಸುತ್ತಿದ್ದರು. 1998ರ ಫೈಲಿನಲ್ಲಿ ಮಾರ್ಕಿಗೆ ಒಂದು ಹಾಳೆ, ಫ್ರಾಂಕಿಗೆ ಒಂದು, ಲೀರಾಗೆ ಇನ್ನೊಂದು. ಲೀರಾ ಹಾಳೆಯಲ್ಲಿ ಸೊನ್ನೆಗಳದ್ದೇ ಸಾಲು. ಒಂದು ಯೂರೋಗೆ 1,936.27 ಲೀರಾ ಅಂತ ಕೊನೆಗೆ ಗಟ್ಟಿ ಮಾಡಿದರು. ಅಂದರೆ ಈಗಿನ ಹತ್ತು ಸಾವಿರ ಯೂರೋ ಬಿಲ್ಲು ಆಗಿನ ಲೆಕ್ಕದಲ್ಲಿ ಸುಮಾರು 1.94 ಕೋಟಿ ಲೀರಾ. ಒಂದು ಸೊನ್ನೆ ತಪ್ಪಿದರೆ ಇಡೀ ದಿನದ ಕೆಲಸ ಹೋಯಿತು ಅಂತ ಅವರು ಹೇಳುತ್ತಿದ್ದರು.

ಸೊನ್ನೆ ಎಣಿಸುವ ತಾಪತ್ರಯ ಚಿಕ್ಕದು. ದೊಡ್ಡದು ಕಾಯುವ ಭಯ. ಇವತ್ತು ಬಿಲ್ಲು ಕಳಿಸಿದರೆ ದುಡ್ಡು ಬರುವುದು ತೊಂಬತ್ತು ದಿನಕ್ಕೆ. ಆ ಮೂರು ತಿಂಗಳಲ್ಲಿ ಅವರ ನೋಟಿನ ಬೆಲೆ ಬಿದ್ದರೆ ನಮ್ಮ ಲಾಭ ಅಲ್ಲೇ ಕರಗಿಹೋಗುತ್ತದೆ. ಜರ್ಮನಿಯವನು ಇಟಲಿಯವನಿಗೆ ಮಾಲು ಕೊಟ್ಟರೆ ಈಗ ಅವರಿಬ್ಬರ ಮಧ್ಯೆ ಈ ಭಯ ಇಲ್ಲವೇ ಇಲ್ಲ. 2023ರ ಜನವರಿ 1ಕ್ಕೆ ಕ್ರೊಯೇಷಿಯಾ ಯೂರೋಗೆ ಸೇರಿದಾಗ ಅಲ್ಲಿನ ಒಬ್ಬ ಗಿರಾಕಿ ಖುಷಿಯಿಂದ ಮೇಲ್ ಕಳಿಸಿದ್ದರು. ಅಲ್ಲಿವರೆಗೆ ಅವರು ನಮಗೆ ಯೂರೋ ಕೊಡಬೇಕಾದರೆ ತಮ್ಮ ಕೂನಾ ಕೊಟ್ಟು ಯೂರೋ ಕೊಳ್ಳಬೇಕಿತ್ತು. ಪ್ರತಿ ಸಲ ಬ್ಯಾಂಕಿಗೆ ಕಮಿಷನ್. ಸಣ್ಣ ವ್ಯಾಪಾರದವರಿಗೆ ಈ ಕಮಿಷನ್ ತಪ್ಪುವುದೇ ದೊಡ್ಡ ಉಪಕಾರ.

ಇದು ನಮಗೆ ಹೊಸದಾಗಿ ಕಾಣುತ್ತದೆ, ಆದರೆ ಕೋಲಾರದವರಿಗೆ ಹೊಸದಲ್ಲ. ನಮ್ಮ ಎಪಿಎಂಸಿಯಿಂದ ಟೊಮೆಟೊ ಬಾಕ್ಸು ಚೆನ್ನೈಗೆ ಹೋಗುತ್ತದೆ, ಆಂಧ್ರಕ್ಕೆ ಹೋಗುತ್ತದೆ, ಉತ್ತರಕ್ಕೂ ಹೋಗುತ್ತದೆ. ಹದಿನೈದು ಕೆಜಿ ಬಾಕ್ಸಿಗೆ ಎಷ್ಟು ಅಂತ ಕೂಗುವ ಮಂಡಿಯವರು ಯಾವ ಊರಿನ ದುಡ್ಡು ಅಂತ ಯಾವತ್ತೂ ಕೇಳಿಲ್ಲ. ಮುಳಬಾಗಿಲು ದಾಟಿ ಸ್ವಲ್ಪ ದೂರ ಹೋದರೆ ಭಾಷೆ ಬದಲಾಗುತ್ತದೆ, ನೋಟು ಬದಲಾಗುವುದಿಲ್ಲ. ಇಷ್ಟು ದೊಡ್ಡ ನಾಡು ಒಂದೇ ರೂಪಾಯಿಯಲ್ಲಿ ನಡೆಯುವುದು ಎಷ್ಟು ದೊಡ್ಡ ಸಂಗತಿ ಅಂತ ನಾವು ಯೋಚಿಸುವುದೇ ಇಲ್ಲ. ಯುರೋಪಿನವರು ಅದನ್ನು ಪಡೆಯಲು ದಶಕಗಟ್ಟಲೆ ಮಾತಾಡಿದರು. 1992ರ ಫೆಬ್ರವರಿಯಲ್ಲಿ, ಒಂದೇ ದುಡ್ಡಿಗೆ ದಾರಿ ಮಾಡಿದ ಮಾಸ್ಟ್ರಿಕ್ಟ್ ಒಪ್ಪಂದಕ್ಕೆ ಸಹಿ ಆಯಿತು. 1999ರ ಜನವರಿ 1ಕ್ಕೆ 11 ದೇಶಗಳ ಲೆಕ್ಕಪುಸ್ತಕಕ್ಕೆ ಯೂರೋ ಬಂತು. 2002ರ ಹೊಸ ವರ್ಷಕ್ಕೆ ಜನರ ಕೈಗೆ ನೋಟು ಬಂತು. ಈ ವರ್ಷ ಜನವರಿಗೆ, ಅಂದರೆ 2026ಕ್ಕೆ, ಬಲ್ಗೇರಿಯಾ ಸೇರಿ 21 ದೇಶಗಳಾದವು. ಕಷ್ಟಪಟ್ಟ ಮೇಲೂ ಹೊಸಬರು ಬಂದು ಸೇರುತ್ತಿದ್ದಾರೆ ಅಂದರೆ ಅದರಲ್ಲಿ ಏನೋ ಒಳ್ಳೆಯದು ಇದೆ ಅಂತಲೇ ಅರ್ಥ.

ಹಾಗಾದರೆ ತೊಂದರೆ ಎಲ್ಲಿ? ಅದನ್ನು ಹೇಳಬೇಕಾದರೆ ಅಪ್ಪನ ಅಂಗಡಿಗೆ ಹೋಗಬೇಕು.

ಅಪ್ಪನದು ಆಗ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ದಿನಸಿ ಅಂಗಡಿ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಚಿನ್ನದ ಗಣಿಯ ಮನೆಗಳವರು. ತಿಂಗಳೆಲ್ಲ ಸಾಲದಲ್ಲಿ ಸಾಮಾನು ಒಯ್ಯುವುದು, ಸಂಬಳದ ದಿನ ಬಂದು ಕಟ್ಟುವುದು. ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ. ಒಂದು ಮನೆಗೆ ಒಂದು ಪುಟ. ಎಡಗಡೆ ಒಯ್ದದ್ದು, ಬಲಗಡೆ ಜಮಾ. ಅಕ್ಕಿ, ತೊಗರಿಬೇಳೆ, ಕಾಫಿಪುಡಿ, ಬಟ್ಟೆಸೋಪು. ಒಟ್ಟು 62 ಪುಟ ತುಂಬಿತ್ತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷ ನಡೆದ ಗಣಿ ಅದು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದಿದ್ದ ಊರು ನಮ್ಮದು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋದ ಮೇಲೆ ಅದಿರಿನಲ್ಲಿ ಚಿನ್ನ ಕಮ್ಮಿಯಾಗುತ್ತಾ ಬಂತು. ಒಂದು ಗ್ರಾಂ ತೆಗೆಯುವ ಖರ್ಚು, ಆ ಗ್ರಾಂ ಮಾರಿದರೆ ಬರುವ ದುಡ್ಡಿಗಿಂತ ಜಾಸ್ತಿಯಾಯಿತು. ನಾನಾಗ ಎಸ್ಸೆಸ್ಸೆಲ್ಸಿ. ಆ ಪುಸ್ತಕದ ಮಾರ್ಚ್ ತಿಂಗಳ ಪುಟಗಳು ಈಗಲೂ ನನ್ನ ಹತ್ತಿರ ಇವೆ. ಎಡಗಡೆ ಬರೆಯುತ್ತಲೇ ಹೋಗಿದ್ದಾರೆ, ಅದೇ ನೀಲಿ ಶಾಯಿ, ಅದೇ ಅಕ್ಷರ. ಆದರೆ ಸಾಮಾನು ಬದಲಾಗಿದೆ. ಏಪ್ರಿಲ್ ಹೊತ್ತಿಗೆ ಕಾಫಿಪುಡಿ ಕಾಣುವುದಿಲ್ಲ. ಮೇ ತಿಂಗಳಲ್ಲಿ ಐದು ಕೆಜಿ ಅಕ್ಕಿ ಎರಡು ಕೆಜಿಗೆ ಇಳಿದಿದೆ. ಬಲಗಡೆ ಬರೀ ಬಿಳಿ ಹಾಳೆ.

ಒಂದೇ ದುಡ್ಡಿನ ವಿಷಯದಲ್ಲಿ ಎಲ್ಲರೂ ಹೇಳುವ ಒಂದು ಹೆಸರಿದೆ. ರಾಬರ್ಟ್ ಮಂಡೆಲ್. ಕೆನಡಾದ ಅರ್ಥಶಾಸ್ತ್ರಜ್ಞರು. 1961ರಲ್ಲೇ ಅವರು ಒಂದು ಪ್ರಶ್ನೆ ಎತ್ತಿದರು. ಒಂದು ದುಡ್ಡು ಎಷ್ಟು ದೂರದವರೆಗೆ ನಡೆದರೆ ಸರಿ? ದೇಶದ ಗಡಿವರೆಗೆ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಅವರು ಹಾಗಲ್ಲ ಅಂದರು. ಅವರ ಉದಾಹರಣೆಯಲ್ಲಿ ಪೂರ್ವದವರು ಕಾರು ಮಾಡುತ್ತಾರೆ, ಪಶ್ಚಿಮದವರು ಮರ ಮಾರುತ್ತಾರೆ. ಕಾರು ಬೇಡ, ಮರ ಬೇಕು ಅಂತ ಜನ ತಿರುಗಿಬಿದ್ದರೆ ಪೂರ್ವದಲ್ಲಿ ಕೆಲಸ ಹೋಗುತ್ತದೆ, ಪಶ್ಚಿಮದಲ್ಲಿ ಬೆಲೆ ಏರುತ್ತದೆ. ಇಬ್ಬರಿಗೂ ಬೇರೆ ಬೇರೆ ದುಡ್ಡಿದ್ದರೆ ಪೂರ್ವದ ದುಡ್ಡು ಅಗ್ಗವಾಗಿ, ಅದರ ಕಾರೂ ಅಗ್ಗವಾಗಿ, ಮತ್ತೆ ಮಾರಾಟ ಆಗುತ್ತದೆ. ಒಂದೇ ದುಡ್ಡಾದರೆ ಆ ದಾರಿ ಇಲ್ಲ. ಆಗ ಪೂರ್ವದ ಕೆಲಸಗಾರ ಗಂಟುಮೂಟೆ ಕಟ್ಟಿ ಪಶ್ಚಿಮಕ್ಕೆ ಹೋಗುವಂತಿರಬೇಕು.

ನಾನು ಇದನ್ನು ಮೊದಲ ಸಲ ಓದಿದ್ದು ಇದೇ ರೈಲಿನಲ್ಲಿ, ಎಂ.ಕಾಂ ಪರೀಕ್ಷೆಗೆ ಓದುವಾಗ. ಓದುತ್ತಾ ತಲೆ ಎತ್ತಿ ನೋಡಿದೆ. ಬೋಗಿ ತುಂಬ ಕೆಜಿಎಫ್‌ನವರು. ಪುಸ್ತಕದಲ್ಲಿದ್ದ ಪೂರ್ವದ ಕೆಲಸಗಾರರು ನನ್ನ ಪಕ್ಕದಲ್ಲೇ ಟಿಫನ್ ಡಬ್ಬಿ ಇಟ್ಟುಕೊಂಡು ತೂಕಡಿಸುತ್ತಿದ್ದರು.

ಯೋಚನೆ ಮಾಡಿ. ಕೆಜಿಎಫ್‌ಗೆ ಅದರದೇ ಒಂದು ನಾಣ್ಯ ಇದ್ದಿದ್ದರೆ 2001ರಲ್ಲಿ ಅದರ ಬೆಲೆ ಪಾತಾಳಕ್ಕೆ ಬೀಳುತ್ತಿತ್ತು. ಚಿನ್ನಕ್ಕೆ ಡಾಲರ್ ಬೆಲೆ, ಕೂಲಿ ಅಗ್ಗದ ನಾಣ್ಯದಲ್ಲಿ. ಗಣಿ ಇನ್ನೂ ಕೆಲವು ದಿನ ನಡೆಯುತ್ತಿತ್ತೋ ಏನೋ. ಇಲ್ಲ ಅಂದರೆ ಬೇರೆ ಯಾವುದಾದರೂ ಕಾರ್ಖಾನೆಯವರು, ಇಲ್ಲಿ ಕೂಲಿ ಅಗ್ಗ ಅಂತ ಬರುತ್ತಿದ್ದರು. ಆದರೆ ಅಪ್ಪನ ಅಂಗಡಿಗೆ ಬರುವ ಅಕ್ಕಿ, ಬೇಳೆ ಎಲ್ಲ ಹೊರಗಿನದು. ಅದು ಒಂದಕ್ಕೆ ಎರಡಾಗುತ್ತಿತ್ತು. ದುಡ್ಡಿನ ಬೆಲೆ ಇಳಿಸುವುದು ಅಂದರೆ ಊರಿನ ಎಲ್ಲರ ಸಂಬಳವನ್ನೂ ಒಂದೇ ಏಟಿಗೆ ಕತ್ತರಿಸಿದ ಹಾಗೆ. ನೋವಿಲ್ಲದ ಮದ್ದಲ್ಲ ಅದು. ಆದರೂ ಅದೊಂದು ಮದ್ದು. ನಮ್ಮ ದೇಶವೇ 1991ರ ಜುಲೈನಲ್ಲಿ ಅದನ್ನು ಕುಡಿಯಿತು. ಚಿನ್ನವನ್ನು ಹೊರದೇಶದಲ್ಲಿ ಅಡ ಇಟ್ಟು, ಎರಡು ಕಂತಿನಲ್ಲಿ ರೂಪಾಯಿ ಬೆಲೆ ಇಳಿಸಿ ಚೇತರಿಸಿಕೊಂಡಿತು.

ಕೆಜಿಎಫ್‌ಗೆ ಆ ಮದ್ದು ಸಿಗಲಿಲ್ಲ. ಬೇರೆ ಎರಡು ಸಿಕ್ಕವು. ಒಂದು ಈ ರೈಲು. ಗಣಿ ಕಾಲದಲ್ಲೇ ಹಾಕಿದ ಹಳಿ, ಸುಮಾರು ನೂರು ಕಿಲೋಮೀಟರ್ ಒಳಗೆ ಬೆಂಗಳೂರು. ಹೋಗಿ ಬರುವ ಕೆಲಸಕ್ಕೆ ವೀಸಾ ಬೇಡ, ಹೊಸ ಭಾಷೆ ಕಲಿಯಬೇಕಿಲ್ಲ. ಕೆಜಿಎಫ್‌ನವರು ತಮಿಳು, ಕನ್ನಡ, ತೆಲುಗು ಮೂರೂ ಆಡುತ್ತಾರೆ, ವೈಟ್‌ಫೀಲ್ಡ್‌ನಲ್ಲಿ ಮೂರೂ ನಡೆಯುತ್ತವೆ. ಇನ್ನೊಂದು ಮದ್ದು ಕಣ್ಣಿಗೆ ಕಾಣುವುದಿಲ್ಲ. ರೇಷನ್ ಅಂಗಡಿಯ ಅಕ್ಕಿ ನಿಲ್ಲಲಿಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳ ನಿಲ್ಲಲಿಲ್ಲ. ಅಜ್ಜಿಯ ವಿಧವಾ ವೇತನ ಅಂಚೆಯಲ್ಲಿ ಬರುತ್ತಲೇ ಇತ್ತು. ಇದೆಲ್ಲ ಹೊರಗಿನ ದುಡ್ಡು. ಬೇರೆ ಊರಿನವರು, ಬೇರೆ ರಾಜ್ಯದವರು ಕಟ್ಟಿದ ತೆರಿಗೆ. ಅದನ್ನು ಯಾರೂ ಕೆಜಿಎಫ್ ತೆಗೆದುಕೊಂಡ ಸಾಲ ಅಂತ ಬರೆದಿಡಲಿಲ್ಲ. ವರ್ಷ ಕಳೆದ ಮೇಲೆ ಬಡ್ಡಿ ಸೇರಿಸಿ ಕೊಡಿ ಅಂತ ಯಾರೂ ಬರಲಿಲ್ಲ.

ಇಷ್ಟು ಇದ್ದೂ ನಮ್ಮ ಊರು ಪಟ್ಟ ಪಾಡು ನಾನು ನೋಡಿದ್ದೇನೆ. ಇದಿಲ್ಲದ ಜಾಗಕ್ಕೆ ಏನಾಯಿತು ಅಂತ ನೋಡಬೇಕಾದರೆ ಗ್ರೀಸಿಗೆ ಹೋಗಬೇಕು.

ಗ್ರೀಸ್ ಯೂರೋಗೆ ಸೇರಿದ್ದು 2001ರ ಜನವರಿ 1ಕ್ಕೆ. ನಮ್ಮ ಗಣಿ ಮುಚ್ಚುವುದಕ್ಕೆ ಎರಡು ತಿಂಗಳು ಮೊದಲು. ಒಂದು ಯೂರೋಗೆ 340.75 ದ್ರಾಕ್ಮಾ ಲೆಕ್ಕದಲ್ಲಿ ಹಳೇ ದುಡ್ಡು ಬಿಟ್ಟುಕೊಟ್ಟರು. ಅಲ್ಲಿವರೆಗೆ ಗ್ರೀಸಿಗೆ ಸಾಲ ಕೊಡುವವರು ಜಾಸ್ತಿ ಬಡ್ಡಿ ಕೇಳುತ್ತಿದ್ದರು. ದ್ರಾಕ್ಮಾ ಬೀಳಬಹುದು ಅನ್ನುವ ಭಯ. ಯೂರೋ ಬಂದ ಮೇಲೆ ಆ ಭಯ ಹೋಯಿತು. ಜರ್ಮನಿ ಕೊಡುವ ಬಡ್ಡಿಗೂ ಗ್ರೀಸ್ ಕೊಡುವ ಬಡ್ಡಿಗೂ ಹೆಚ್ಚು ಕಮ್ಮಿ ಒಂದೇ ರೇಟು. ಅಪ್ಪನ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ಶ್ರೀಮಂತ ಚಿಕ್ಕಪ್ಪನ ಹೆಸರು ಹೇಳಿದ್ದಕ್ಕೇ ಸಾಲ ಸಿಕ್ಕಿತು. ಚಿಕ್ಕಪ್ಪ ಜಾಮೀನು ಹಾಕಿದ್ದಾನಾ ಅಂತ ಯಾರೂ ಕೇಳಲಿಲ್ಲ. ಹಾಕಿರಲೇ ಇಲ್ಲ. ಒಂದು ದೇಶದ ಸಾಲಕ್ಕೆ ಇನ್ನೊಂದು ದೇಶ ಹೊಣೆಯಲ್ಲ ಅಂತ ಒಪ್ಪಂದದಲ್ಲೇ ಬರೆದಿತ್ತು.

2009ರ ಅಕ್ಟೋಬರಿನಲ್ಲಿ ಹೊಸ ಸರ್ಕಾರ ಬಂದು ಲೆಕ್ಕ ತೆಗೆದಾಗ ಸತ್ಯ ಹೊರಬಂತು. ಹಿಂದಿನವರು ತೋರಿಸಿದ್ದಕ್ಕಿಂತ ಸರ್ಕಾರದ ಕೊರತೆ, ಅಂದರೆ ಆದಾಯ ಮೀರಿದ ಖರ್ಚು, ಬಹಳ ದೊಡ್ಡದಿತ್ತು. ಯೂರೋ ನಿಯಮದ ಪ್ರಕಾರ ಕೊರತೆ ಜಿಡಿಪಿಯ, ಅಂದರೆ ದೇಶದ ಒಟ್ಟು ಉತ್ಪನ್ನದ, ನೂರಕ್ಕೆ 3 ಮೀರಬಾರದು. ಆ ವರ್ಷದ ಲೆಕ್ಕ ಕೊನೆಗೆ ನೂರಕ್ಕೆ 15 ದಾಟಿತು. ಸಾಲ ಕೊಡುವವರು ಕೈ ಎತ್ತಿದರು. ದ್ರಾಕ್ಮಾ ಇಲ್ಲ, ಬೆಲೆ ಇಳಿಸುವ ಹಾಗಿಲ್ಲ. ಉಳಿದದ್ದು ಒಂದೇ ದಾರಿ. ಸಂಬಳ ಕಡಿಮೆ ಮಾಡಿ, ಪೆನ್ಷನ್ ಕಡಿಮೆ ಮಾಡಿ, ತೆರಿಗೆ ಏರಿಸಿ. ಒಂದೊಂದೇ ಮನೆಗೆ ಹೋಗಿ ಕತ್ತರಿಸಿದ ಹಾಗೆ. ದುಡ್ಡಿನ ಬೆಲೆ ಇಳಿದರೆ ಎಲ್ಲರಿಗೂ ಒಂದೇ ದಿನ ಪೆಟ್ಟು ಬೀಳುತ್ತದೆ. ಇದು ಹಾಗಲ್ಲ. ಸಂಬಳ ಅರ್ಧವಾದರೂ ಮನೆ ಸಾಲದ ಕಂತು ಹಳೇದೇ. 2013ರಲ್ಲಿ ಅಲ್ಲಿ ದುಡಿಯಲು ಸಿದ್ಧರಿದ್ದವರಲ್ಲಿ ನೂರಕ್ಕೆ 27 ಜನರಿಗೆ ಕೆಲಸ ಇರಲಿಲ್ಲ. ದೇಶದ ಒಟ್ಟು ಉತ್ಪನ್ನದಲ್ಲಿ ಸುಮಾರು ಕಾಲು ಭಾಗ ಹೋಯಿತು.

2015ರ ಬೇಸಿಗೆ ನನಗೆ ಚೆನ್ನಾಗಿ ನೆನಪಿದೆ. ಅಲ್ಲಿ ಮೂರು ವಾರ ಬ್ಯಾಂಕ್ ಮುಚ್ಚಿದ್ದರು. ಎಟಿಎಂನಲ್ಲಿ ಒಬ್ಬರಿಗೆ ದಿನಕ್ಕೆ 60 ಯೂರೋ ಮಾತ್ರ. ಟಿವಿಯಲ್ಲಿ ಒಬ್ಬ ವಯಸ್ಸಾದವರು ಬ್ಯಾಂಕಿನ ಬಾಗಿಲ ಮುಂದೆ ನೆಲದ ಮೇಲೆ ಕೂತು ಅಳುತ್ತಿದ್ದರು. ಅಪ್ಪ ಊಟದ ತಟ್ಟೆ ಮುಂದೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. "ಅವರಿಗೆ ಹೋಗೋಕೆ ರೈಲಿಲ್ವಾ?" ಅಂತ ಕೇಳಿದರು. ಅರ್ಥಶಾಸ್ತ್ರ ಓದದ ಮನುಷ್ಯ ಸರಿಯಾದ ಪ್ರಶ್ನೆಯನ್ನೇ ಕೇಳಿದರು ಅಂತ ನನಗೆ ಆಗಲೇ ಅನಿಸಿತು.

ರೈಲು ಇತ್ತು. ಕಾನೂನಿನ ಪ್ರಕಾರ ಗ್ರೀಸಿನವರು ಜರ್ಮನಿಗೆ ಹೋಗಿ ಕೆಲಸ ಮಾಡಬಹುದು. ಓದಿದ ಹುಡುಗರು, ಡಾಕ್ಟರುಗಳು ಲಕ್ಷಗಟ್ಟಲೆ ಹೋದರು ಕೂಡ. ಆದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ರೈಲಲ್ಲ ಅದು. ಜರ್ಮನ್ ಕಲಿಯಬೇಕು. ಐವತ್ತು ವರ್ಷದ ಮೇಸ್ತ್ರಿ ಎಲ್ಲಿ ಕಲಿಯುತ್ತಾನೆ? ಹೋದವರು ಅಲ್ಲೇ ತೆರಿಗೆ ಕಟ್ಟಿದರು, ಊರಿನಲ್ಲಿ ಉಳಿದದ್ದು ಮುದುಕರು ಮತ್ತು ಸಾಲ. ಹೊರಗಿನಿಂದ ದುಡ್ಡೂ ಬಂತು. 2010ರ ಮೇ ತಿಂಗಳಲ್ಲಿ 110 ಬಿಲಿಯನ್ ಯೂರೋ, ಆಮೇಲೆ 2012ರಲ್ಲಿ, ಮತ್ತೆ 2015ರಲ್ಲಿ. ಆದರೆ ಅದು ಸಾಲ. ನಮ್ಮ ರೇಷನ್ ಅಕ್ಕಿಗೂ ಅದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಇಷ್ಟರಲ್ಲೇ ಎಲ್ಲ ಇದೆ.

ಗ್ರೀಸಿನವರು ಸುಳ್ಳು ಲೆಕ್ಕ ಕೊಟ್ಟರು, ಅನುಭವಿಸಿದರು ಅಂತ ಹೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯ ಇದೆ. ಹಾಗಾದರೆ ಐರ್ಲೆಂಡ್ ಏನು ಮಾಡಿತ್ತು? ಸ್ಪೇನ್ ಏನು ಮಾಡಿತ್ತು? 2007ರಲ್ಲಿ ಇಬ್ಬರ ಸರ್ಕಾರದ ಲೆಕ್ಕವೂ ಮಿಗತೆಯಲ್ಲಿತ್ತು. ಅಲ್ಲಿ ಆದದ್ದು ಬೇರೆ. ಫ್ರಾಂಕ್‌ಫರ್ಟಿನಲ್ಲಿ ಕೂತ ಯುರೋಪಿನ ಕೇಂದ್ರ ಬ್ಯಾಂಕು ಎಲ್ಲರಿಗೂ ಒಂದೇ ಬಡ್ಡಿ ಇಡುತ್ತದೆ. 2003ರ ಜೂನ್‌ನಿಂದ 2005ರ ಕೊನೆವರೆಗೆ ಅದು ನೂರಕ್ಕೆ 2 ಇತ್ತು. ಆಗ ಜರ್ಮನಿಯಲ್ಲಿ ವ್ಯಾಪಾರ ಕುಗ್ಗಿತ್ತು, ಅವರಿಗೆ ಕಡಿಮೆ ಬಡ್ಡಿ ಬೇಕಿತ್ತು. ಐರ್ಲೆಂಡಿನಲ್ಲಿ ಆಗಲೇ ಎಲ್ಲರೂ ಮನೆ ಕಟ್ಟುವ ಹುಚ್ಚಿನಲ್ಲಿದ್ದರು. ಜ್ವರ ಬಂದವನಿಗೂ ನಡುಗುವವನಿಗೂ ಒಂದೇ ಕಂಬಳಿ ಹೊದಿಸಿದ ಹಾಗಾಯಿತು. ಮನೆ ಬೆಲೆ ಏರಿತು, ಏರಿತು, 2008ಕ್ಕೆ ಬಿತ್ತು. ಬ್ಯಾಂಕುಗಳನ್ನು ಉಳಿಸಲು ಹೋಗಿ ಸರ್ಕಾರವೇ ಮುಳುಗಿತು. 2010ರ ನವೆಂಬರಿನಲ್ಲಿ ಐರ್ಲೆಂಡ್ ಕೂಡ ಕೈ ಚಾಚಿತು.

ಈಗ ನನಗೆ ತುಂಬ ಕಷ್ಟ ಅನಿಸುವ ಭಾಗ. ಜರ್ಮನಿಯವರು ಯಾಕೆ ಕೊಡಬೇಕು?

ಇದನ್ನು ನಾವು ಕನ್ನಡಿಗರು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲೆವು. 14ನೇ ಹಣಕಾಸು ಆಯೋಗ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕಕ್ಕೆ ನೂರಕ್ಕೆ 4.713 ಪಾಲು ಇಟ್ಟಿತ್ತು. 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು. ನಾವು ಇಷ್ಟೊಂದು ಕಟ್ಟುತ್ತೇವೆ, ಇಷ್ಟೇ ವಾಪಸ್ ಬರುತ್ತದೆ ಅಂತ ನನಗೂ ಸಿಟ್ಟು ಬರುತ್ತದೆ. ಆ ಸಿಟ್ಟು ನ್ಯಾಯವಾದದ್ದೇ ಅಂತ ನಾನು ನಂಬುತ್ತೇನೆ, ಲೆಕ್ಕ ಸರಿಯಾಗಬೇಕು. ಆದರೆ ನಾನು ಕೋಲಾರದವಳು ಕೂಡ. ನಮ್ಮ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ಒಂದು ನದಿ ಇಲ್ಲ. ಬೆಂಗಳೂರಿನ ತೆರಿಗೆ ಕರ್ನಾಟಕದ ಒಳಗೆ ಹಂಚಿಕೆಯಾಗದಿದ್ದರೆ ನಮ್ಮ ಪಾಡು ಏನು? 2018ರಿಂದ ಕೆಸಿ ವ್ಯಾಲಿಯ ನೀರು, ಬೆಂಗಳೂರಿನವರು ಬಳಸಿ ಶುದ್ಧ ಮಾಡಿ ಬಿಟ್ಟ ನೀರು, ನಮ್ಮ ಕೆರೆಗಳಿಗೆ ಬರುತ್ತಿದೆ. ಅದರ ಗುಣಮಟ್ಟದ ಬಗ್ಗೆ ನಮ್ಮಲ್ಲಿ ಜಗಳ ಇದೆ, ಇರಬೇಕು ಕೂಡ. ಆದರೂ ಬತ್ತಿದ ಕೆರೆಯಲ್ಲಿ ನೀರು ನಿಂತದ್ದನ್ನು ನೋಡಿದಾಗ ಎದೆ ತುಂಬಿ ಬಂತು. ಕೊಡುವ ಕಡೆಯೂ ನಾನೇ, ತೆಗೆದುಕೊಳ್ಳುವ ಕಡೆಯೂ ನಾನೇ. ಹಾಗಾಗಿ ಜರ್ಮನಿಯ ತೆರಿಗೆದಾರರ ಮೇಲೆ ನನಗೆ ಕೋಪ ಇಲ್ಲ. ನಾವು ಜಗಳ ಆಡುತ್ತಲಾದರೂ ಒಂದೇ ಮನೆಯವರು ಅಂತ ಒಪ್ಪಿಕೊಂಡಿದ್ದೇವೆ. ಅವರು ಆ ಒಪ್ಪಿಗೆ ಆಗುವ ಮೊದಲೇ ದುಡ್ಡು ಒಂದು ಮಾಡಿಕೊಂಡರು.

ಆಮೇಲೆ ಅವರೂ ಕಲಿತರು. 2012ರ ಜುಲೈನಲ್ಲಿ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಮಾರಿಯೋ ದ್ರಾಘಿ, ಯೂರೋ ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಅಂತ ಹೇಳಿದ ಮೇಲೆ ಸಾಲದ ಮಾರುಕಟ್ಟೆ ತಣ್ಣಗಾಯಿತು. 2020ರ ಕೊರೊನಾ ಸಮಯದಲ್ಲಿ ಎಲ್ಲರೂ ಒಟ್ಟಿಗೆ ಸಾಲ ಎತ್ತಿ 750 ಬಿಲಿಯನ್ ಯೂರೋ ನಿಧಿ ಮಾಡಿದರು. ಅದರಲ್ಲಿ 390 ಬಿಲಿಯನ್ ಸಹಾಯಧನ, ವಾಪಸ್ ಕೊಡಬೇಕಿಲ್ಲ. ರೇಷನ್ ಅಕ್ಕಿಯ ಕಡೆಗೆ ಅದು ಮೊದಲ ದೊಡ್ಡ ಹೆಜ್ಜೆ.

ಹುಡುಗಿ ಕೇಳಿದ್ದು ನಮ್ಮ ಕಡೆ ದೇಶಗಳ ಬಗ್ಗೆ. ಅಕ್ಕಪಕ್ಕದವರು ದುಡ್ಡು ಹಂಚಿಕೊಳ್ಳುವುದು ನಮಗೆ ಹೊಸದಲ್ಲ. ಒಂದು ಕಾಲದಲ್ಲಿ ಕುವೈತ್, ಬಹ್ರೇನ್, ಕತಾರ್, ದುಬೈ ಎಲ್ಲ ಕಡೆ ನಮ್ಮ ರೂಪಾಯಿಯೇ ನಡೆಯುತ್ತಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಅವರಿಗೆಂದೇ ಬೇರೆ ಬಣ್ಣದ ಗಲ್ಫ್ ರೂಪಾಯಿ ನೋಟು ಅಚ್ಚು ಹಾಕಿತು. 1966ರ ಜೂನ್ 6ಕ್ಕೆ ದೆಹಲಿಯಲ್ಲಿ ರೂಪಾಯಿ ಬೆಲೆ ಇಳಿಸಿದರು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ನಮಗೆ ಬರಗಾಲ, ಯುದ್ಧದ ಖರ್ಚು ಇತ್ತು, ಅದಕ್ಕೆ ಇಳಿಸಿದರು. ದುಬೈನ ವ್ಯಾಪಾರಿಗೆ ಏನು ಸಂಬಂಧ? ಅವನ ಪೆಟ್ಟಿಗೆಯಲ್ಲಿದ್ದ ದುಡ್ಡೂ ಆ ದಿನ ಕರಗಿತು. ಕತಾರ್, ದುಬೈ ಅದೇ ವರ್ಷ ಬೇರೆ ದುಡ್ಡು ಮಾಡಿಕೊಂಡವು. ಈಗಲೂ ಭೂತಾನಿನ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮ, ನೇಪಾಳದ 1.60 ರೂಪಾಯಿ ನಮ್ಮ ಒಂದಕ್ಕೆ ಸಮ. ಎರಡೂ ಕಡೆ ಜನ ನಮ್ಮ ನೋಟು ಇಟ್ಟುಕೊಳ್ಳುತ್ತಾರೆ. 2016ರ ನವೆಂಬರ್ 8ರ ರಾತ್ರಿ ನಮ್ಮ ದೊಡ್ಡ ನೋಟು ರದ್ದಾದಾಗ ಅವರ ಪೆಟ್ಟಿಗೆಯ ನೋಟೂ ರದ್ದಾಯಿತು. ಆ ತೀರ್ಮಾನ ಮಾಡಿದ ಸರ್ಕಾರಕ್ಕೆ ಅವರು ಓಟು ಹಾಕಿದವರಲ್ಲ.

ವಾಜಪೇಯಿ ಅವರು 2003ರ ಕೊನೆಯಲ್ಲಿ ದಕ್ಷಿಣ ಏಷ್ಯಾಕ್ಕೆ ಒಂದೇ ದುಡ್ಡು ಅನ್ನುವ ಮಾತು ಆಡಿದ್ದರು. ಅದು ಒಳ್ಳೆಯ ಮನಸ್ಸಿನ ಮಾತು. ಗಡಿ ತೆರೆದು, ವ್ಯಾಪಾರ ಬೆಳೆದು, ಕೊನೆಗೆ ಅಲ್ಲಿಗೆ ಮುಟ್ಟಬೇಕು ಅನ್ನುವ ಆಸೆ ನನಗೂ ಇದೆ. ಆದರೆ 2022ರ ಶ್ರೀಲಂಕಾ ನೆನಪು ಮಾಡಿಕೊಳ್ಳಿ. ಡಾಲರಿಗೆ ಸುಮಾರು 200 ಇದ್ದ ಅವರ ರೂಪಾಯಿ ಎರಡು ಮೂರು ತಿಂಗಳಲ್ಲಿ 360ರ ಆಸುಪಾಸಿಗೆ ಬಿತ್ತು. ಜನ ಗ್ಯಾಸಿಗೆ, ಪೆಟ್ರೋಲಿಗೆ ದಿನಗಟ್ಟಲೆ ನಿಂತರು. ಘೋರವಾದ ದಿನಗಳು. ಆದರೆ ದುಡ್ಡು ಅಗ್ಗವಾದ್ದರಿಂದಲೇ ಅವರ ಚಹಾ, ಬಟ್ಟೆ ಅಗ್ಗವಾಯಿತು, ಪ್ರವಾಸಿಗರು ಮತ್ತೆ ಬಂದರು. ಆಗ ನಮ್ಮಿಬ್ಬರದೂ ಒಂದೇ ದುಡ್ಡಾಗಿದ್ದರೆ ಆ ದಾರಿ ಮುಚ್ಚಿರುತ್ತಿತ್ತು. ಕೊಲಂಬೋದ ಕೆಲಸಗಾರ ನಾಳೆ ಬೆಳಿಗ್ಗೆ ಬೆಂಗಳೂರಿಗೆ ಬಂದು ಕೆಲಸ ಕೇಳಬಹುದಾ? ಅವನ ಮಕ್ಕಳಿಗೆ ನಮ್ಮ ತೆರಿಗೆಯಿಂದ ಸಾಲವಲ್ಲದ ಅಕ್ಕಿ ಕೊಡಲು ನಾವು ಒಪ್ಪುತ್ತೇವಾ? ಈ ಎರಡಕ್ಕೂ ಹೌದು ಅನ್ನುವ ದಿನ ನಾನು ಒಂದೇ ದುಡ್ಡಿಗೆ ಎರಡೂ ಕೈ ಎತ್ತುತ್ತೇನೆ. ಅಲ್ಲಿವರೆಗೆ ಬೇಡ. ಅವರ ಒಳ್ಳೆಯದಕ್ಕೇ ಬೇಡ ಅಂತ ಹೇಳುತ್ತೇನೆ. ಹಾಗೆ ಮಾಡಿಕೊಂಡರೆ ಮುಂದಿನ ಸಲ ಬಾಗಿಲ ಮುಂದೆ ಕೂತು ಅಳುವವರು ನಮ್ಮ ಪಕ್ಕದ ಮನೆಯವರಾಗಿರುತ್ತಾರೆ.

ಅಪ್ಪನ ಪುಸ್ತಕದ ಕಥೆ ಅರ್ಧಕ್ಕೇ ನಿಂತಿತು. 62 ಪುಟದ ಬಾಕಿ ಇಟ್ಟುಕೊಂಡು ಅಪ್ಪ ಎರಡು ವರ್ಷ ಕಾದರು. ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. 2003ರಲ್ಲಿ ಅಂಗಡಿ ಮುಚ್ಚಿ ಬಂಗಾರಪೇಟೆಗೆ ಬಂದೆವು. ಬರುವ ಮೊದಲು ಒಂದು ರಾತ್ರಿ ಕೂತು ಪ್ರತಿ ಪುಟದ ಬಾಕಿಯಲ್ಲಿ ಅರ್ಧ ಹೊಡೆದು ಹಾಕಿದರು. ಗ್ರೀಸಿಗೆ ಸಾಲ ಕೊಟ್ಟಿದ್ದ ಖಾಸಗಿಯವರು 2012ರಲ್ಲಿ ಅಸಲಿನ ಅರ್ಧಕ್ಕಿಂತ ಜಾಸ್ತಿ ಬಿಟ್ಟುಕೊಡಬೇಕಾಯಿತು, ಅದಕ್ಕೆ ಎಷ್ಟೋ ಸಭೆಗಳು ನಡೆದವು. ಅಪ್ಪ ಒಂದು ಲೋಟ ಮಜ್ಜಿಗೆ ಕುಡಿಯುವ ಹೊತ್ತಿನಲ್ಲಿ ಮುಗಿಸಿದರು. ಅಮ್ಮ ಏನೂ ಮಾತಾಡಲಿಲ್ಲ.

41ನೇ ಪುಟ ಮಾತ್ರ ಬೇರೆ. 2004ರ ದೀಪಾವಳಿಗೆ ಎರಡು ದಿನ ಮೊದಲು ಒಬ್ಬ ಹುಡುಗ ನಮ್ಮ ಬಂಗಾರಪೇಟೆ ಮನೆ ಹುಡುಕಿಕೊಂಡು ಬಂದ. ಸೆಕ್ಯುರಿಟಿ ಗಾರ್ಡ್ ಅಂಗಿ ಇನ್ನೂ ಮೈಮೇಲೇ ಇತ್ತು. ರೈಲು ಇಳಿದು ನೇರ ಬಂದಿದ್ದ. ಅವನ ಅಪ್ಪ ಗಣಿಯಲ್ಲಿದ್ದವರು, ತೀರಿಹೋಗಿದ್ದರು. ಜೇಬಿನಿಂದ ನೂರರ ನೋಟು ತೆಗೆದು ಎಣಿಸಿ 3,180 ರೂಪಾಯಿ ಮೇಜಿನ ಮೇಲೆ ಇಟ್ಟ. ಅರ್ಧ ಬಿಟ್ಟಿದ್ದೇನಪ್ಪ, ಇಷ್ಟು ಬೇಡ ಅಂತ ಅಪ್ಪ ಹೇಳಿದರು. ಅವನು ಕೇಳಲಿಲ್ಲ. ನೀರು ಕುಡಿದು ಎದ್ದು ಹೋದ. ಅಪ್ಪ ಪುಸ್ತಕ ತೆಗೆದು, ತಾವು ಹೊಡೆದಿದ್ದ ಗೀಟಿನ ಪಕ್ಕದಲ್ಲೇ, ಮೂರು ವರ್ಷದಿಂದ ಖಾಲಿ ಇದ್ದ ಬಲಗಡೆಯಲ್ಲಿ, ತಾರೀಖು ಹಾಕಿ ಪೂರ್ತಿ ಜಮಾ ಬರೆದರು. ಅದರ ಕೆಳಗೆ ಸಣ್ಣದಾಗಿ "ವೈಟ್‌ಫೀಲ್ಡ್" ಅಂತ ಇದೆ.

ಪುಸ್ತಕವನ್ನು ನಾಳೆಗೆ ಬ್ಯಾಗಿನಲ್ಲಿ ಹಾಕಿಟ್ಟಿದ್ದೇನೆ. ಆ ಹುಡುಗಿ ಸಿಕ್ಕರೆ ಮಾಲೂರು ಬರುವುದರೊಳಗೆ ತೋರಿಸಬೇಕು. ಆಮೇಲೆ ಕೈ ಆಡಿಸಲೂ ಜಾಗ ಇರುವುದಿಲ್ಲ.